ಕಂಡ ಸಮಯ, ಹೇಳಿದ ಸಮಯ

2025ರ ಜೂನ್ 10, ಮಂಗಳವಾರ, ಬೆಳಿಗ್ಗೆ 9 ಗಂಟೆ 40 ನಿಮಿಷ. ರಾಜಾಜಿನಗರ ಕೈಗಾರಿಕಾ ಬಡಾವಣೆಯ ಒಂದು ಸಣ್ಣ ಲ್ಯಾಬಿನಲ್ಲಿ ಬಸವಕುಮಾರನ ಚಿಮಟದಿಂದ ನೂರು ಗ್ರಾಮಿನ ತೂಕದ ಬಟ್ಟು ಜಾರಿತು. ಫೋನ್ ಎತ್ತಲೆಂದು ಅವನು ಎಡಗೈಯ ಗ್ಲೌಸ್ ಕಳಚಿದ್ದ. ಆ ಬರಿಗೈಯಲ್ಲೇ ಬಟ್ಟನ್ನು ಹಿಡಿದುಬಿಟ್ಟ. ಸುತ್ತ ಒಮ್ಮೆ ನೋಡಿ, ಸದ್ದಿಲ್ಲದೆ ಅದನ್ನು ಪೆಟ್ಟಿಗೆಯಲ್ಲಿಟ್ಟು ಮುಚ್ಚಳ ಹಾಕಿದ.

ಎದುರು ಮೇಜಿನ ಶಿವರಂಜನಿ ಕಂಪ್ಯೂಟರ್ ಪರದೆಯಲ್ಲಿ ಮುಳುಗಿದವಳಂತೆ ಕೂತಿದ್ದಳು. ಆದರೆ ಎಲ್ಲವನ್ನೂ ನೋಡಿದ್ದಳು.

ಔಷಧ ಕಂಪನಿಗಳ, ಕಾಲೇಜುಗಳ ಸೂಕ್ಷ್ಮ ತಕ್ಕಡಿಗಳು ಸರಿಯಾಗಿ ತೂಗುತ್ತವೆಯೇ ಎಂದು ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುವುದು ಆ ಲ್ಯಾಬಿನ ಕೆಲಸ. ಅಲ್ಲಿ ಬಟ್ಟಿಗೆ ಬೆರಳು ತಾಗಬಾರದು. ಚರ್ಮದ ಜಿಡ್ಡಿಗೂ ತೂಕವಿದೆ. ಹಿಂದೆಲ್ಲ ಹೀಗಾದರೆ ಬಸವಕುಮಾರ, "ಅಕ್ಕಾ, ಕೈ ತಾಕ್ತು!" ಎಂದು ಕೂಗುತ್ತಿದ್ದ. "ಬೆಳಿಗ್ಗೆ ಏನ್ ತಿಂದ್ಯೋ, ಬೆಣ್ಣೆ ದೋಸೆನಾ?" ಎಂದು ಇವಳು ನಗುತ್ತಿದ್ದಳು. ಇಬ್ಬರೂ ಸೇರಿ ಒರೆಸಿ, ಮತ್ತೆ ತೂಗಿ, ಅರ್ಧ ದಿನದಲ್ಲಿ ಸರಿಮಾಡಿಬಿಡುತ್ತಿದ್ದರು.

ಅದು ಹಳದಿ ಚೀಟಿಗಿಂತ ಮೊದಲಿನ ಮಾತು. ಜನವರಿಯಲ್ಲಿ ಬಂದ ಮ್ಯಾನೇಜರ್ ನಾಗಭೂಷಣ್ ಚೀಟಿಯ ಪೆಟ್ಟಿಗೆ ಇಡಿಸಿದ್ದರು. ಸಹೋದ್ಯೋಗಿಯ ತಪ್ಪು ಕಂಡರೆ ಬರೆದು ಹಾಕಬೇಕು. ಬರೆದವರಿಗೆ ಐದು ಅಂಕ, ಹೆಸರು ಬಿದ್ದವರಿಗೆ ಹತ್ತು ಕಡಿತ. ಒಂದು ತಪ್ಪಿಗೆ ಒಂದೇ ಚೀಟಿ, ಒಂದು ಚೀಟಿಗೆ ಒಂದೇ ಹೆಸರು. ತಿಂಗಳ ಕೊನೆಗೆ ಎಲ್ಲರಿಗಿಂತ ಕೆಳಗಿರುವವರ ಹೆಸರು ಬೋರ್ಡಿನ ಮೇಲೆ ಕೆಂಪಕ್ಷರದಲ್ಲಿ. ಸತತ ಮೂರು ತಿಂಗಳು ಕೆಳಗಿದ್ದವರಿಗೆ ಕೆಲಸವಿಲ್ಲ.

ಮಾರ್ಚಿನಲ್ಲಿ ಶಿವರಂಜನಿ ಒಂದು ಸರ್ಟಿಫಿಕೇಟಿನ ಮೇಲೆ ತಪ್ಪು ತಾರೀಖು ಹಾಕಿದ್ದಳು. ಬಸವಕುಮಾರ ಚೀಟಿ ಬರೆದ. ಕಂಡ ಸಮಯ 10:15, ವರದಿ ಸಮಯ 4:50. ಆ ಲೆಕ್ಕವನ್ನು ಅವಳು ಎಷ್ಟು ಸಲ ಕಳೆದು ನೋಡಿದ್ದಳೋ! ಆರು ಗಂಟೆ ಮೂವತ್ತೈದು ನಿಮಿಷ. ಅಷ್ಟು ಹೊತ್ತು ಅವನು ಎದುರಿಗೇ ಕೂತಿದ್ದ. ಮಧ್ಯಾಹ್ನ ಅವಳ ಡಬ್ಬಿಯಿಂದ ಎರಡು ಸಲ ಚಿತ್ರಾನ್ನ ಹಾಕಿಸಿಕೊಂಡು ತಿಂದಿದ್ದ. ಕೆಂಪಕ್ಷರದಲ್ಲಿ ತನ್ನ ಹೆಸರು ಬಂದದ್ದಕ್ಕಿಂತ, ಅದರಿಂದ ಕೈತಪ್ಪಿದ ಲ್ಯಾಬ್ ಇನ್‌ಚಾರ್ಜ್ ಹುದ್ದೆಗಿಂತ ಆ ಚಿತ್ರಾನ್ನವೇ ಅವಳನ್ನು ಸುಟ್ಟಿತ್ತು. ಅಂದಿನಿಂದ 'ಬಸವ' ಹೋಗಿ 'ಬಸವಕುಮಾರ್' ಬಂತು, 'ನೀನು' ಹೋಗಿ 'ನೀವು' ಬಂತು.

ಈಗ ಎರಡು ತಿಂಗಳಿಂದ ಕೆಂಪಕ್ಷರದಲ್ಲಿ ಅವನ ಹೆಸರೇ ಇತ್ತು. ಇದು ಮೂರನೆಯ ತಿಂಗಳು.

ಶುಕ್ರವಾರದವರೆಗೆ ಕಾಯುತ್ತೇನೆ ಎಂದುಕೊಂಡಳು. ಆ ಬಟ್ಟಿನಿಂದ ಇನ್ನಷ್ಟು ತಕ್ಕಡಿ ಪರೀಕ್ಷೆಯಾಗಲಿ, ತಪ್ಪು ಬೆಳೆಯಲಿ. ಬುಧವಾರ ಬೇಕೆಂದೇ ಚಿತ್ರಾನ್ನ ಮಾಡಿಕೊಂಡು ಬಂದಳು. ಡಬ್ಬಿಯನ್ನು ಅವನ ಕಡೆ ಸರಿಸಿದಳು.

ಅವನ ಕೈ ಅರ್ಧದಲ್ಲೇ ನಿಂತಿತು. "ಅಕ್ಕಾ, ಕೋಪ ಹೋಯ್ತಾ?"

"ಕೋಪ ಯಾಕೆ? ತಿನ್ನಿ, ಬಸವಕುಮಾರ್."

ಅವನು ತಲೆ ತಗ್ಗಿಸಿ ತಿಂದ. ಒಂದೊಂದು ತುತ್ತು ಇಳಿಯುವುದನ್ನೂ ಅವಳು ನೋಡಿದಳು. ಮಾರ್ಚಿನಿಂದ ಉರಿಯುತ್ತಿದ್ದ ಹೊಟ್ಟೆ ಅಂದು ತಣ್ಣಗಾಯಿತು.

ಗುರುವಾರ ನಾಗಭೂಷಣ್ ಕರೆಸಿದರು. "ಮೇಡಂ, ಇನ್‌ಚಾರ್ಜ್ ಜಾಗಕ್ಕೆ ಮತ್ತೆ ನಿಮ್ಮ ಹೆಸರೇ ಕಳಿಸೋಣ ಅಂತಿದೀನಿ. ಆದ್ರೆ ಈ ತಿಂಗಳು ನಿಮ್ದು ಒಂದು ಚೀಟಿನೂ ಇಲ್ಲ."

"ನಾಳೆ ಬರುತ್ತೆ ಸಾರ್." ಆಮೇಲೆ ಯಾಕೋ ಕೇಳಿದಳು, "ಈ ಚೀಟಿ ಬೇಕೇ ಬೇಕಾ ಸಾರ್?"

"ಮೊದ್ಲು ನೀವೆಲ್ಲ ಒಬ್ಬರ ತಪ್ಪು ಒಬ್ಬರು ಮುಚ್ಚಾಕ್ತಿದ್ರಿ. ಹೋದ ವರ್ಷ ಮೂರು ಸರ್ಟಿಫಿಕೇಟ್ ವಾಪಸ್ ಬಂತು. ಮೇಲಿನವರು ನನ್ನ ಕೇಳ್ತಾರೆ. ನಾನೇನ್ ಮಾಡ್ಲಿ ಹೇಳಿ?"

"ಮುಚ್ಚಾಕ್ತಿರ್ಲಿಲ್ಲ ಸಾರ್. ಸರಿ ಮಾಡ್ತಿದ್ವಿ."

"ಅದು ರೆಕಾರ್ಡಲ್ಲಿ ಇಲ್ವಲ್ಲ ಮೇಡಂ."

ಅವರ ಮಾತಿನಲ್ಲೂ ಸುಳ್ಳಿರಲಿಲ್ಲ. ಅವಳು ಎದ್ದು ಬಂದಳು.

ಶುಕ್ರವಾರ ಬೆಳಿಗ್ಗೆ ದುಂಡಗಿನ ಅಕ್ಷರದಲ್ಲಿ ಚೀಟಿ ತುಂಬಿದಳು. ಹೆಸರು: ಬಸವಕುಮಾರ್. ಕಂಡ ಸಮಯ: 10ನೇ ತಾರೀಖು, 9:40. ವರದಿ ಸಮಯವನ್ನು ಪೆಟ್ಟಿಗೆಗೆ ಹಾಕುವಾಗ ಬರೆಯೋಣವೆಂದು ಖಾಲಿ ಬಿಟ್ಟಳು. ಎದ್ದು ನಿಲ್ಲುವಷ್ಟರಲ್ಲಿ ಮಾಗಡಿ ರಸ್ತೆಯ ಔಷಧ ಪರೀಕ್ಷಾಲಯದ ಸತ್ಯವತಿ ತಮ್ಮ ತಕ್ಕಡಿ ಒಯ್ಯಲು ಬಂದರು. ಮೂರು ದಿನದಲ್ಲಿ ಆ ಬಟ್ಟಿನಿಂದ ಪರೀಕ್ಷೆಯಾದ ಐದು ತಕ್ಕಡಿಗಳಲ್ಲಿ ಅದೂ ಒಂದು. ಸರ್ಟಿಫಿಕೇಟಿಗೆ ಬಸವಕುಮಾರನ ಸಹಿ ಬಿದ್ದಿತ್ತು; ಎರಡನೆಯದಾಗಿ ಶಿವರಂಜನಿಯ ಸಹಿಯೊಂದು ಬಾಕಿಯಿತ್ತು.

"ಬೇಗ ಹಾಕಿಬಿಡಿ ಮೇಡಂ, ಆಟೋ ನಿಲ್ಸಿದೀನಿ. ಬೇರೆ ಲ್ಯಾಬಿನವ್ರದ್ದಾದ್ರೆ ನಾವು ಇನ್ನೊಂದ್ಸಲ ನೋಡ್ಕೋತೀವಿ. ನಿಮ್ಮಿಬ್ರ ಸಹಿ ಇದ್ರೆ ನೋಡೋದೇ ಇಲ್ಲ."

ಪೆನ್ನು ಕಾಗದದ ಮೇಲೆ ಬಂದು ನಿಂತಿತು. ಅವಳು ತಲೆ ಎತ್ತಿದಳು. ಬಸವಕುಮಾರ ಆ ಪೆನ್ನಿನ ಮೊನೆಯನ್ನೇ ನೋಡುತ್ತಿದ್ದ. ಏನೋ ಹೇಳಲು ಬಾಯಿ ತೆರೆದ. ಗೋಡೆಯ ಬೋರ್ಡಿನ ಕಡೆ ಕಣ್ಣು ಹಾಯಿಸಿ ಮತ್ತೆ ಬಾಯಿ ಮುಚ್ಚಿಕೊಂಡ. ಆ ಕ್ಷಣಕ್ಕೆ ಅವಳಿಗೆ ತನ್ನ ಮುಖವೂ ಮೂರು ದಿನದಿಂದ ಹೀಗೇ ಇದ್ದಿರಬೇಕು ಅನಿಸಿತು.

"ಈ ತಕ್ಕಡಿ ಈಗ ಕೊಡಕ್ಕಾಗಲ್ಲ ಸತ್ಯವತಿಯವ್ರೇ. ಬಟ್ಟಿನಲ್ಲಿ ವ್ಯತ್ಯಾಸ ಇದೆ. ಆಟೋ ಕಳಿಸ್ಬಿಡಿ. ನಾಳೆ ನಾನೇ ತಂದುಕೊಡ್ತೀನಿ."

ಗೊಣಗುತ್ತ ಅವರು ಹೊರಟ ಮೇಲೆ ಗೋಡೆ ಗಡಿಯಾರ ನೋಡಿದಳು. ಸರಿಯಾಗಿ ಹನ್ನೊಂದು.

"ಬಸವ, ಮಂಗಳವಾರ ಬಟ್ಟಿಗೆ ನಿನ್ನ ಕೈ ತಾಕ್ತು. ನಾನು ನೋಡ್ದೆ."

ಅವನ ಮುಖ ಬಿಳುಚಿತು. "ನೋಡಿದ್ರಾ? ಮತ್ತೆ... ಬುಧವಾರ ಚಿತ್ರಾನ್ನ?"

"ನೋಡಿದ್ಮೇಲೇ ಕೊಟ್ಟಿದ್ದು ಕಣೋ."

ಅವನು ಬಟ್ಟಿನ ಪೆಟ್ಟಿಗೆಯನ್ನು ಅವಳ ಕಡೆ ಸರಿಸಿದ. "ಮಾರ್ಚಲ್ಲಿ ನಾನೂ ನೋಡಿದ್ಮೇಲೇ ತಿಂದಿದ್ದು ಅಕ್ಕಾ," ಎಂದ.

"ಗೊತ್ತು. ಆ ಬೀರು ತೆಗಿ. ಗ್ಲೌಸ್ ಎರಡೂ ಕೈಗೆ ಹಾಕ್ಕೋ."

ಬೀರುವಿನಲ್ಲಿದ್ದ ಮೂಲ ಬಟ್ಟಿನೊಂದಿಗೆ ಹೋಲಿಸಿ ತೂಗಿದರು. 0.14 ಮಿಲಿಗ್ರಾಂ ಹೆಚ್ಚಿತ್ತು. ಒರೆಸಿದರು, ಕಾದರು, ಮತ್ತೆ ತೂಗಿದರು. ಐದೂ ತಕ್ಕಡಿಗಳ ಪರೀಕ್ಷೆ ಮೊದಲಿನಿಂದ ಶುರುವಾಯಿತು.

ಮಧ್ಯಾಹ್ನ ಅವಳು ಬೆಳಿಗ್ಗೆ ಬರೆದಿದ್ದ ಚೀಟಿಯನ್ನು ಹರಿದುಹಾಕಿ ಹೊಸದೊಂದನ್ನು ತುಂಬಿದಳು. ಪೆಟ್ಟಿಗೆಗೆ ಹಾಕದೆ ನೇರ ನಾಗಭೂಷಣ್ ಮೇಜಿನ ಮೇಲಿಟ್ಟಳು. ಅವರು ಎರಡು ಸಲ ಓದಿದರು.

"ಇದ್ರಲ್ಲಿ ನಿಮ್ಮ ಹೆಸರೇ ಇದೆ. ಬಟ್ಟು ಮುಟ್ಟಿದ್ದು ಯಾರು?"

"ಒಂದು ತಪ್ಪಿಗೆ ಒಂದೇ ಚೀಟಿ, ಒಂದೇ ಹೆಸರು ಅಂದಿದ್ರಲ್ಲ ಸಾರ್."

"ಇನ್‌ಚಾರ್ಜ್ ಪಟ್ಟಿಯಿಂದ ನಿಮ್ಮ ಹೆಸರು ತೆಗೀಬೇಕಾಗುತ್ತೆ ಮೇಡಂ."

"ತೆಗೀರಿ ಸಾರ್."

ನಾಗಭೂಷಣ್ ಮತ್ತೆ ಚೀಟಿ ನೋಡಿದರು. ಅದರಲ್ಲಿ ಮುದ್ರಿಸಿದ್ದ 'ವರದಿ' ಪದವನ್ನು ಹೊಡೆದು 'ಹೇಳಿದ' ಎಂದು ಬರೆದು, ಎರಡು ಕಾಲಮ್ಮುಗಳ ಪಕ್ಕದಲ್ಲಿ ಅವಳು ಸ್ಕೇಲ್ ಇಟ್ಟು ಮೂರನೆಯದೊಂದನ್ನು ಎಳೆದಿದ್ದಳು. ಅವರ ಬೆರಳು ಅಲ್ಲೇ ನಿಂತಿತ್ತು.

ಕಂಡ ಸಮಯ: 10ನೇ ತಾರೀಖು, 9:40. ಹೇಳಿದ ಸಮಯ: 13ನೇ ತಾರೀಖು, 11:00. ತಡ: 73 ಗಂಟೆ 20 ನಿಮಿಷ.