ಉಣ್ಣದ ಮಗುವಿಗೆ ಕರಿಯನ ಹೆದರಿಕೆ

ಈಗ ನೆನೆಸಿಕೊಂಡರೂ ನನ್ನ ಎದೆ ಝಲ್ಲೆನ್ನುತ್ತದೆ. ಹಳ್ಳಿಮೈಸೂರು ರಸ್ತೆಯಲ್ಲಿರುವ ನಮ್ಮೂರ ಡೈರಿ ಮುಂದೆ ಬೆಳಿಗ್ಗೆ ಹಾಲು ಹಾಕಲು ನಿಂತಿದ್ದೆವು. ನನ್ನ ಮುಂದೆ ರೂಪಶ್ರೀ, ಅವಳ ಕೈ ಹಿಡಿದು ಎರಡನೇ ಕ್ಲಾಸಿನ ಮಗಳು ಯಶಸ್ವಿನಿ. ಮೂಲೆಯಲ್ಲಿ ಮಲಗಿದ್ದ ಬೀದಿನಾಯಿ ಕರಿಯ ಎದ್ದು, ಬಾಲ ಆಡಿಸುತ್ತ ಅವರ ಹಾಲಿನ ಕ್ಯಾನಿನ ಕಡೆ ಬಂತು. ಅಷ್ಟೇ. ಹುಡುಗಿ ಕಿಟಾರನೆ ಕಿರುಚಿ, ಕೈ ಬಿಡಿಸಿಕೊಂಡು ರಸ್ತೆಗೆ ಓಡಿದಳು. ಎದುರಿಗೆ ಬಸ್ಸು!

ಡ್ರೈವರ್ ಬ್ರೇಕ್ ಒತ್ತಿದ. ಬಸ್ಸಿಗೂ ಮಗುವಿಗೂ ನಡುವೆ ಒಂದು ಮಾರು ಜಾಗವಿತ್ತೋ ಇಲ್ಲವೋ. ರೂಪಶ್ರೀ ಕ್ಯಾನನ್ನು ಅಲ್ಲೇ ಕೆಡವಿ ಓಡಿದಳು. ಮಗುವನ್ನು ಎತ್ತಿಕೊಂಡು ಡೈರಿ ಮುಂದಕ್ಕೆ ಬಂದಳು.

ಸುದ್ದಿ ಕೇಳಿ ಅವಳ ಗಂಡ ದೇವರಾಜ್ ದೊಣ್ಣೆ ಹಿಡಿದು ಬಂದ.

"ಎಲ್ಲವ್ನೆ ಆ ಕರಿಯ? ಇವತ್ತು ಮುಗಿಸ್ಬುಡ್ತೀನಿ!"

ಊರಿನ ರಾಸುಗಳ ಆರೋಗ್ಯ ವಿಚಾರಿಸುವ ಪಶು ಸಖಿ ಲತಾ ಅಡ್ಡ ನಿಂತಳು. "ನಿಲ್ಲಣ್ಣ. ಅದೇನ್ ಕಚ್ತಾ? ಬೊಗಳ್ತಾ? ಕ್ಯಾನ್ ಕಂಡ್ರೆ ಎಲ್ಲಾರ ತಾವ್ಕೂ ಬತ್ತದೆ, ಹಾಲಿನ ಆಸೆಗೆ."

"ಮತ್ಯಾಕೆ ಮಗ ಅಂಗೆ ಓಡ್ತು?"

ಲತಾ ಮಗುವಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು. "ಯಾಕವ್ವಾ ಓಡ್ದೆ?"

ಯಶಸ್ವಿನಿ ಬಿಕ್ಕುತ್ತ ತಾಯಿಯ ಕಡೆ ನೋಡಿದಳು. "ರಾತ್ರಿ ನಾನು ಮುದ್ದೆ ಬಿಟ್ಬುಟ್ಟಿದ್ನಲ್ಲ. ಅಮ್ಮನೇ ಕಚ್ಸಕ್ಕೆ ಕರ್ದವ್ಳೆ ಅಂದ್ಕಂಡೆ."

ರೂಪಶ್ರೀ ಮಗಳನ್ನು ಬಾಚಿ ತಬ್ಬಿಕೊಂಡಳು. ದಿನಾ ಊಟದ ಹೊತ್ತಿಗೆ ಅವಳದು ಒಂದೇ ಮಾತು: "ಉಣ್ಣಲ್ವಾ? ಕರಿಯನ್ನ ಕರೀತೀನಿ, ಕಚ್ತಾನೆ ನೋಡು." ನಮ್ಮ ಮನೆಗಳಲ್ಲೂ ಅದೇ ಪಾಠ. ಅವಳನ್ನು ಬೈಯುವ ಬಾಯಿ ಯಾರಿಗಿತ್ತು?

"ಉಣ್ಲಿ ಅಂತ ಅಂದೆ ಕಣ್ ಲತಕ್ಕ. ಇಂಗಾಯ್ತದೆ ಅಂತ ಗೊತ್ತಿರ್ಲಿಲ್ಲ."

"ಇನ್ಮೇಲೆ ಬ್ಯಾಡ ರೂಪಾ. ಅಂಗಂತ ಎಳ್ಕಂಡೋಗಿ ನಾಯಿ ಮುಟ್ಟಿಸ್ಲೂಬ್ಯಾಡ. ದೂರ್ದಿಂದ ನೋಡ್ಲಿ, ಭಯ ನಿಧಾನ್ಕೆ ಓಯ್ತದೆ." ಲತಾ ಮಗುವಿನತ್ತ ತಿರುಗಿದಳು. "ನಾಯಿ ಅತ್ರ ಬಂದ್ರೆ ಓಡ್ಬಾರ್ದು ಕಣವ್ವ, ಅಟ್ಟಿಸ್ಕಂಡ್ ಬತ್ತದೆ. ಕೈ ಕೆಳಗ್ ಬಿಟ್ಟು, ಅದರ ಕಣ್ಣು ದಿಟ್ಟಿಸ್ದೆ, ಸುಮ್ಕೆ ನಿಂತ್ಕೊ. ಮೂಸಿ ನೋಡಿ ಓಯ್ತದೆ. ಉಣ್ತಿರೋ ನಾಯಿ, ಮರಿ ಆಕಿರೋ ನಾಯಿ ತಾವ ಮಾತ್ರ ಓಗ್ಲೇಬ್ಯಾಡ."

ದೇವರಾಜ್ ಬಿಡಲಿಲ್ಲ. "ಕಚ್ಚುದ್ರೆ?"

"ಕಚ್ಲಿ, ಪರಚ್ಲಿ, ಸುಣ್ಣ, ಖಾರದಪುಡಿ ಅಂತ ಬಳೀಬ್ಯಾಡಿ. ಸೋಪ್ ಆಕಿ, ನಲ್ಲಿ ನೀರಲ್ಲಿ ಕಾಲು ಗಂಟೆ ತೊಳೀರಿ. ತಕ್ಷಣ ಸರ್ಕಾರಿ ಆಸ್ಪತ್ರೆಗೆ ಓಗಿ. ಡಾಕ್ಟ್ರು ಏಳ್ದಷ್ಟೂ ಇಂಜೆಕ್ಷನ್ ಆಕಿಸ್ಕಳಿ, ಒಂದೂ ತಪ್ಪಿಸ್ಬ್ಯಾಡಿ. ಕರಿಯಂಗೂ ಹುಚ್ಚು ಬರ್ದಂಗೆ ಲಸಿಕೆ ಆಕ್ಸಣ, ಬನ್ನಿ."

ದೇವರಾಜ್ ದೊಣ್ಣೆಯನ್ನು ಬೇಲಿಗೆ ಎಸೆದ. ಲಸಿಕೆಯ ದಿನ ನಾಯಿಯನ್ನು ಹಿಡಿದುಕೊಂಡವನು ಅವನೇ.

ರೂಪಶ್ರೀಯೂ ಆ ಮಾತು ಬಿಟ್ಟಳು. ಮಗಳು ಮೊದಮೊದಲು ಅಪ್ಪನ ಹೆಗಲ ಮೇಲಿಂದ ಕರಿಯನನ್ನು ನೋಡುತ್ತಿದ್ದಳು. ಆಮೇಲೆ ಡೈರಿಯ ಮೆಟ್ಟಿಲ ಮೇಲಿಂದ. ಮೊನ್ನೆ ಕರಿಯ ನೇರವಾಗಿ ಅವಳ ಹತ್ತಿರವೇ ಬಂತು. ಹುಡುಗಿ ಓಡಲಿಲ್ಲ, ಕೈ ಕೆಳಗೆ ಬಿಟ್ಟು ಸುಮ್ಮನೆ ನಿಂತಳು. ಅದು ಮೂಸಿ ನೋಡಿ ತನ್ನ ಪಾಡಿಗೆ ಹೋಯಿತು. ಎಲ್ಲರೂ ಶಹಬ್ಬಾಸ್ ಎಂದೆವು. ಅವಳು ಮಾತ್ರ ತಾಯಿಯ ಸೆರಗು ಜಗ್ಗಿ ಮೆಲ್ಲಗೆ ಕೇಳಿದಳು:

"ಅಮ್ಮ, ನೀನ್ ಕರೀಲಿಲ್ಲ ತಾನೆ?"

ಅಕ್ಕಂದಿರೇ, ಅಣ್ಣಂದಿರೇ, ಇವತ್ತು ನಿಮ್ಮ ಮಗು ತುತ್ತು ಬೇಡವೆಂದರೆ ಬಿಡಿ, ಹಸಿವಾದಾಗ ಉಣ್ಣುತ್ತದೆ. ನಾಯಿಯ ಹೆಸರು ಹೇಳಿ ಹೆದರಿಸಬೇಡಿ. ನೀವು ತಮಾಷೆಗೆ ಆಡಿದ್ದನ್ನೂ ಮಗು ನಿಜವೆಂದೇ ನಂಬುತ್ತದೆ.