ಒಂಟಿ ಸೀನು

ಚೆಂಡಿಗೂ ಗುಳಿಗೂ ನಡುವೆ ಒಂದು ಮಾರು ದೂರ, ಅಷ್ಟೆ. ಇದೊಂದು ಬಿದ್ದರೆ ಆಟ ನೇತ್ರಾವತಿಯದು. ಇನ್ನು ಮೇಲೆ ಭಾನುವಾರ ಭಾನುವಾರ ವಾಡೆಯ ಗಾಲ್ಫ್ ಮೈದಾನದಲ್ಲಿ ಅವಳ ಶಾಲೆಯ ಹುಡುಗಿಯರು ಆಡಬಹುದು. ತಪ್ಪಿದರೆ ಈ ಕಡೆ ತಲೆ ಹಾಕುವಂತಿಲ್ಲ. ಹೀಗೆಂದು ಪಂದ್ಯ ಕಟ್ಟಿದವರು ವಾಡೆಯ ಯಜಮಾನ ತಿಪ್ಪೇರುದ್ರಗೌಡರೇ. ಹೊನ್ನಾಳಿಯಾಚೆ ಹೊಳೆದಂಡೆಯಲ್ಲಿ ಅವರ ಮುತ್ತಜ್ಜ ಈ ಹುಲ್ಲು ಹಾಸಿಸಿದ್ದು ಬಿಳಿ ಸಾಹೇಬರ ಸಲುವಾಗಿ. ನ್ಯಾಮತಿ ಶಾಲೆಯ ಪಿ.ಟಿ. ಮೇಡಂ ಅಲ್ಲಿ ಕೋಲು ಹಿಡಿದು ನಿಲ್ಲುತ್ತಾಳೆಂದು ಆ ಮುತ್ತಜ್ಜ ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ.

ಬೆಳಗಿನಿಂದ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಅಂಗೈ ಒರೆಸಿದ್ದೇ ಒರೆಸಿದ್ದು. ಬಗ್ಗಿ, ಉಸಿರು ಹಿಡಿದು, ಕೋಲು ಹಿಂದಕ್ಕೆಳೆದಳು.

"ಆ...ಕ್ಷೀ!"

ಸೀನಿದವರು ಗೌಡರು. "ನಿಲ್ರೀ ಮೇಡಂ!" ಎಂದು ಕೂಗಿದವರೂ ಅವರೇ. "ಒಂಟಿ ಸೀನು. ಈಗ ಹೊಡೀಬ್ಯಾಡ್ರಿ. ಇನ್ನೊಂದು ಬರ್ಲಿ."

ಇನ್ನೊಂದು ಬರಲಿಲ್ಲ. ಗೌಡರು ಸೂರ್ಯನಿಗೆ ಮುಖವೊಡ್ಡಿ ಬಾಯಿ ತೆರೆದು ಕಾದರು. ಅವರ ಅಕ್ಕ ಕಸ್ತೂರಮ್ಮ ಸೊಂಟದಿಂದ ನಶ್ಯದ ಡಬ್ಬಿ ತೆಗೆದು, "ಚೂರು ಏರ್ಸೋ ತಮ್ಮಾ. ಆಯಮ್ಮಂಗೆ ಎಷ್ಟೊತ್ತು ಹಂಗೇ ಬಗ್ಗಿ ನಿಂತಿರಾಕೆ ಆಗ್ತೈತೆ?" ಎಂದರು. ಏರಿಸಿದ್ದಾಯಿತು. ಕಣ್ಣಲ್ಲಿ ನೀರು ಬಂತು, ಸೀನು ಬರಲಿಲ್ಲ. ಬೇಲಿಯಾಚೆ ಹುಡುಗಿಯರು ಮುಸಿಮುಸಿ ನಕ್ಕರು.

ನೇತ್ರಾವತಿಗೆ ತಡೆಯಲಾಗಲಿಲ್ಲ. "ಸೀನಿಗೂ ಚೆಂಡಿಗೂ ಏನ್ರೀ ಸಂಬಂಧ?" ಎಂದವಳೇ ಹೊಡೆದಳು. ಚೆಂಡು ಗುಳಿಯ ಅಂಚು ಸವರಿ ಆಚೆ ಹೋಯಿತು.

"ಇದು ಲೆಕ್ಕಕ್ಕಿಲ್ಲ," ಎಂದರು ಗೌಡರು. "ನನ್ನ ಸೀನಿಂದ ಹೆಣ್ಮಗಳು ಸೋತ್ಲು ಅಂತ ಊರೆಲ್ಲಾ ಆಡ್ಕೊಳಾಕಾ? ಕುಂತು ನೀರು ಕುಡೀರಿ. ಎದ್ದು ಮತ್ತೆ ಹೊಡೀರಿ. ದೋಷ ಹೋಗ್ತೈತೆ."

"ಸೀನಿಂದಲ್ಲ ಗೌಡ್ರೇ, ನಾನೇ ಆತುರ ಮಾಡ್ದೆ."

"ಹಂಗಾದ್ರೆ ಸೋತೆ ಅನ್ರಿ. ಮನೀಗೆ ನಡೀರಿ."

ಸೀನಿಗೆ ಹೆದರಿ ಪರೀಕ್ಷೆಗೆ ತಡವಾಗಿ ಬಂದ ಹುಡುಗಿಯೊಬ್ಬಳನ್ನು ನೇತ್ರಾವತಿ ಹೋದ ವಾರವಷ್ಟೇ ಎಲ್ಲರೆದುರು ಬೈದಿದ್ದಳು. ಆ ಹುಡುಗಿಯೂ ಬೇಲಿಯ ಬಳಿಯೇ ನಿಂತಿದ್ದಾಳೆ, ರೆಪ್ಪೆ ಮಿಟುಕಿಸದೆ ಇತ್ತಲೇ ನೋಡುತ್ತಿದ್ದಾಳೆ. ಈಗ ಕೂತರೆ ಮೇಡಂ ಮಾತಿಗೆ ಮೂರು ಕಾಸಿನ ಬೆಲೆಯಿಲ್ಲ. ಕೂರದಿದ್ದರೆ ಮೈದಾನವಿಲ್ಲ.

ಕಸ್ತೂರಮ್ಮ ಚೊಂಬು ತಂದು ಮುಂದೆ ಹಿಡಿದರು.

ನೇತ್ರಾವತಿ ಹುಲ್ಲಿನ ಮೇಲೆ ಕೂತಳು. ಗಟಗಟನೆ ಕುಡಿದಳು; ಅರ್ಧ ನೀರು ಟ್ರ್ಯಾಕ್‌ಸೂಟಿನ ಮೇಲೇ ಚೆಲ್ಲಿತು. ಎದ್ದು, ಚೆಂಡನ್ನು ಮೊದಲಿನ ಜಾಗದಲ್ಲಿಟ್ಟು, ಯಾರ ಮುಖವನ್ನೂ ನೋಡದೆ ಹೊಡೆದಳು. ಅದು ಗುಳಿಗೆ ಬಿದ್ದ ಸದ್ದು ಹುಡುಗಿಯರ ಕೇಕೆಯಲ್ಲಿ ಅವಳಿಗೇ ಕೇಳಿಸಲಿಲ್ಲ.

"ನೋಡಿದ್ರಾ, ನೀರಿನ ಮಹಿಮೆ!" ಸೋತಿದ್ದನ್ನೂ ಮರೆತು ಗೌಡರು ಬೀಗಿದರು.

ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನೂ ನುಂಗಿಕೊಂಡಳು.

"ಆತು ಗೌಡ್ರೇ," ಎಂದಳು, "ಮೊದ್ಲು ಗೇಟು ತೆಗೆಸ್ರಿ. ಹುಡುಗೇರು ಬಿಸ್ಲಾಗೆ ನಿಂತವೆ."