ಅರಸನ ಕೈಬರಹ

ಮುಂದಿನ ಬೆಂಚಿಗೆ ದಿಂಬು ಹಾಕಿದ್ದಾರೆ, ಒಂದೇ ದಿಂಬು, ಕೆಂಪು ಬಣ್ಣದ್ದು, ಪಾದ್ರಿಗಳ ಮನೆ ಸೋಫಾದಿಂದ ಎತ್ತಿ ತಂದದ್ದೆಂದು ನೋಡಿದರೇ ಗೊತ್ತಾಗುತ್ತದೆ, ಮೂಲೆಯಲ್ಲಿ ಅವರ ಬೆಕ್ಕು ಪರಚಿದ ಗುರುತು ಹಾಗೇ ಇದೆ — ಇಷ್ಟು ವರ್ಷ ಈ ಬೆಂಚಿನ ಮೇಲೆ ತುಂಬುಗರ್ಭಿಣಿಯರು ಕೂತರು, ಸೊಂಟ ಹಿಡಿದ ಮುದುಕರು ಕೂತರು, ಅವರಿಗೆಲ್ಲ ಇಲ್ಲದ ದಿಂಬು ಈ ಒಂದು ಕುಂಡೆಗೆ ಬೇಕಾಯಿತು, ಎಂದುಕೊಂಡಳು ಟೈಪಿಸ್ಟಮ್ಮ, ಚರ್ಚಿನಲ್ಲಿ ಕೂತು ಇದೆಂಥ ಮಾತು ಎಂದು ತನ್ನನ್ನು ತಾನು ಗದರಿಕೊಳ್ಳುವ ಗೋಜಿಗೂ ಹೋಗಲಿಲ್ಲ, ಇವತ್ತು ಅವಳಿಗೆ ದೇವರ ಮೇಲೂ ಸಿಟ್ಟಿದೆ. ದಿಂಬಿನ ಮೇಲೆ ಕೂತವನಿಗೆ ಊರು ಇಟ್ಟ ಹೆಸರು ಆರುತಿಂಗಳಪ್ಪ, ನೆರೆ ಬಂದು ಊರು ಮುಳುಗಿದಾಗ ಪುರಸಭೆಯನ್ನು ವಿಸರ್ಜಿಸಿ, ಆರೇ ಆರು ತಿಂಗಳ ಮಟ್ಟಿಗೆ ಎಂದು ತಂದು ಕೂರಿಸಿದ ಆಡಳಿತಾಧಿಕಾರಿ, ನೀರು ಇಳಿಯಿತು, ಕೆಸರು ಒಣಗಿ ಧೂಳಾಯಿತು, ಇವನು ಮಾತ್ರ ಇಳಿಯಲಿಲ್ಲ, ಐದು ಸಲ ಆರು ತಿಂಗಳಾಗಿ ಇವತ್ತು ಆರನೆಯದು ಶುರು, ಅದಕ್ಕೇ ಈ ವಿಶೇಷ ಆರಾಧನೆ, ಅದಕ್ಕೇ ದಿಂಬು, ಅದಕ್ಕೇ ಪತ್ರಿಕೆಯ ಫೋಟೋದವನು ಬಾಗಿಲ ಬಳಿ ಒಂದು ಕಾಲ ಮೇಲೆ ನಿಂತಿದ್ದಾನೆ. ಬೇಲಿಯೇ ಎದ್ದು ಹೊಲ ಮೇಯ್ದರೆ ಹೊಲ ಏನು ಮಾಡಬೇಕು, ಬೇಲಿಗೆ ಸ್ತೋತ್ರ ಹಾಡಬೇಕು. ಐದು ಸಲವೂ ಅವನ ಅವಧಿ ವಿಸ್ತರಿಸುವ ಆದೇಶವನ್ನು ಟೈಪು ಮಾಡಿದವಳು ಇವಳೇ, ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ತಾರೀಖು ಮಾತ್ರ ಬದಲಿಸಿದರಾಯಿತು, ಕಾಫಿ ಆರುವಷ್ಟರಲ್ಲಿ ಮುಗಿಯುವ ಕೆಲಸ.

ಅಷ್ಟೇ ಆಗಿದ್ದರೆ ಹೊಟ್ಟೆಪಾಡು ಎನ್ನಬಹುದಿತ್ತು, ಹೊಟ್ಟೆಪಾಡಿಗೆ ಎಲ್ಲರೂ ಏನೇನೋ ಮಾಡುತ್ತಾರೆ — ಆದರೆ ಆ ಖಾಲಿ ಜಾಗ, ಅದು ಯಾರ ತಲೆಯಲ್ಲಿ ಹುಟ್ಟಿದ್ದು, ಅವನ ತಲೆಯಲ್ಲಲ್ಲ, ಅವನ ತಲೆಯಲ್ಲಿ ಏನು ಹುಟ್ಟುತ್ತದೆ ಕೂದಲು ಬಿಟ್ಟು, ಅದೂ ಈಗ ಇಲ್ಲ. ಸಾರ್ವಜನಿಕ ಶಾಂತಿಯ ಹಿತದೃಷ್ಟಿಯಿಂದ ಇಂಥವರನ್ನು ಮುಂದಿನ ಆದೇಶದವರೆಗೆ ವಶದಲ್ಲಿರಿಸತಕ್ಕದ್ದು, ಎಂಬ ಆದೇಶಗಳು ವಾರಕ್ಕೆ ಎರಡು ಮೂರು ಬರುತ್ತಿದ್ದವು, ಹೆಸರು ಒಂದು ಬಿಟ್ಟರೆ ಉಳಿದದ್ದೆಲ್ಲ ಅದೇ, ಇವಳೇ ಒಂದು ದಿನ ಎದ್ದು ಹೋಗಿ, ಹೆಸರಿನ ಜಾಗ ಖಾಲಿ ಬಿಟ್ಟು ಒಟ್ಟಿಗೆ ನಲವತ್ತು ಹೊಡೆದಿಟ್ಟುಬಿಡ್ಲಾ ಸಾರ್, ಬೇಕಾದಾಗ ತುಂಬಿಕೊಂಡ್ರಾಯ್ತು, ಎಂದಿದ್ದಳು. ಅವನು ತಲೆಯೆತ್ತಿ ನೋಡಿದ್ದ, ಏನಮ್ಮಾ, ಇಷ್ಟು ದಿನ ಎಲ್ಲಿಟ್ಟಿದ್ರಿ ಈ ಬುದ್ಧೀನ, ಎಂದಿದ್ದ, ಆ ಸಂಜೆ ಮನೆಗೆ ಬರುವಾಗ ಒಳಗೊಳಗೇ ಹಿಗ್ಗಿದ್ದಳು, ಹೌದು, ಹಿಗ್ಗಿದ್ದಳು, ಅದನ್ನು ಮುಚ್ಚಿಡುವುದೇಕೆ. ನಲವತ್ತಕ್ಕೂ ಅವನು ಕೂತಲ್ಲೇ ಹಸಿರು ಶಾಯಿಯಲ್ಲಿ ಸಹಿ ಹಾಕಿದ, ಓದಲಿಲ್ಲ, ಅವನು ಓದುವುದೂ ಇಲ್ಲ ಬರೆಯುವುದೂ ಇಲ್ಲ, ಸಹಿ ಮಾಡುತ್ತಾನೆ ಅಷ್ಟೇ, ಅವನ ಕಾರ್ಯದರ್ಶಿ ಅವನ್ನೆಲ್ಲ ಡ್ರಾಯರಿಗೆ ಹಾಕಿ ಬೀಗ ಜಡಿದ. ಹದಿನಾಲ್ಕನೆಯದರಲ್ಲಿ ತುಂಬಿದ್ದು ಅವಳ ಸ್ವಂತ ತಮ್ಮನ ಹೆಸರು. ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಂಡವಳು ಕುಂಟುತ್ತಾ ಯಾರನ್ನು ಬೈಯಬೇಕು, ಎಲ್ಲರನ್ನೂ ಬೈಯಬೇಕು ಅನ್ನಿಸುತ್ತದೆ ಅವಳಿಗೆ.

ತಮ್ಮನದು ನೀರು ಬಿಡುವ ಕೆಲಸ, ಬೆಳಿಗ್ಗೆ ನಾಲ್ಕು ಬೀದಿಗೆ, ಸಂಜೆ ನಾಲ್ಕು ಬೀದಿಗೆ, ಮಾರುದ್ದದ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ವಾಲ್ವು ತಿರುಗಿಸುತ್ತಾ ಹೋಗುತ್ತಾನೆ, ಹೋಗುತ್ತಿದ್ದ. ಆರುತಿಂಗಳಪ್ಪನನ್ನೇ ಮುಂದುವರಿಸಿ ಎಂಬ ಮನವಿಗೆ ಕೆಳಬೀದಿಯವರು ಸಹಿ ಹಾಕಲಿಲ್ಲ, ಅವರಿಗೆ ನೀರು ನಿಲ್ಲಿಸು ಎಂದು ಬಾಯಿಮಾತಿನ ಅಪ್ಪಣೆ ಬಂತು, ಇವನು ಬರವಣಿಗೆಯಲ್ಲಿ ಕೊಡಿ ಎಂದ, ಬರವಣಿಗೆಯಲ್ಲಿ ಬಂತು — ಅದನ್ನೂ ಅಕ್ಕನೇ ಟೈಪು ಮಾಡಿದಳು — ಓದಿ ಮಡಚಿ ಜೇಬಿಗಿಟ್ಟುಕೊಂಡು ಎಂದಿನಂತೆ ನೀರು ಬಿಟ್ಟ. ಇಪ್ಪತ್ತಮೂರು ದಿನವಾಯಿತು ಲಾಕಪ್ಪಿನಲ್ಲಿ, ಮೊದಲ ಭಾನುವಾರ ನೋಡಲು ಹೋದಾಗ ಕಂಬಿಯ ಆಚೆ ಕೂತು ಕಾಲಿನ ಉಗುರು ಕೀಳುತ್ತಿದ್ದ, ಅಕ್ಕಾ, ಅವನ ಸಹಿಗಿಂತ ಮೇಲೊಂದು ಸಹಿ ಇದೆ, ಅಮ್ಮ ಹೇಳ್ತಾ ಇರಲಿಲ್ವಾ, ಬಾಯಾರಿದವನಿಗೆ ನೀರು ಕೊಡಬೇಡ ಅನ್ನೋಕೆ ಅರಸನಿಗೂ ಅಧಿಕಾರ ಇಲ್ಲ ಅಂತ, ಎಂದ, ಕೆನ್ನೆ ಊದಿತ್ತು, ಆಮೇಲೆ ಮೆಲ್ಲಗೆ, ಒಂದು ಬನಿಯನ್ ತಂದುಕೊಡೇ, ಎಂದ. ಮೇಲಿನ ಸಹಿಯವನು ಎಲ್ಲಿ ಹೋಗಿದ್ದನೋ ಆ ಕೆನ್ನೆಗೆ ಬೀಳುವಾಗ. ಖಾಲಿ ಜಾಗದ ಉಪಾಯ ತನ್ನದೆಂದು ತಮ್ಮನಿಗೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ, ಬನಿಯನ್ ಎರಡು ಕೊಂಡುಹೋಗಿ ಕೊಟ್ಟು ಬಂದಳು.

ಈಗ ಎದ್ದು ಹೋಗಬೇಕು, ಹಾಡು ಮುಗಿಯುತ್ತಾ ಬಂತು, ಸತ್ಯವೇದದ ಪಾಠ ಓದುವವಳು ಅವಳು, ಅವಳಿಗಿಂತ ಮೊದಲು ಅವಳಮ್ಮ ಓದುತ್ತಿದ್ದಳು. ಇಲ್ಲಿ ವರ್ಷದ ಪಾಠಪಟ್ಟಿ ಜನವರಿಯಲ್ಲೇ ಬಾಗಿಲಿಗೆ ಅಂಟಿರುತ್ತದೆ, ಯಾವ ಭಾನುವಾರಕ್ಕೆ ಯಾವುದು ಬೀಳುತ್ತದೋ ಅದನ್ನೇ ಓದಬೇಕು, ನಮಗೆ ಬೇಕಾದ್ದು ಹುಡುಕಿ ಓದೋಕೆ ಇದೇನು ದಿನಪತ್ರಿಕೆಯೇನೇ, ಎನ್ನುತ್ತಿದ್ದಳು ಅಮ್ಮ, ಗಂಡ ಸತ್ತ ವಾರ ಮದುವೆಯ ಪಾಠ ಬಿದ್ದಾಗಲೂ ಕಣ್ಣೊರೆಸಿಕೊಂಡು ಅದನ್ನೇ ಓದಿದವಳು. ಇವತ್ತಿನದು, ಜನ ಮುದುಕ ಪ್ರವಾದಿಯ ಬಳಿ ಹೋಗಿ ನಮಗೂ ಒಬ್ಬ ಅರಸ ಬೇಕು ಎಂದು ಹಟ ಹಿಡಿಯುವ ಭಾಗ. ನಿನ್ನೆ ಪಾದ್ರಿಗಳು ಕಚೇರಿಗೇ ಬಂದರು, ಟೈಪಿಸ್ಟಮ್ಮಾ, ಆ ಹಳೇ ಒಡಂಬಡಿಕೆಯದ್ದು ಸ್ವಲ್ಪ ಉದ್ದ ಆಗುತ್ತೆ, ಹೊಸ ಒಡಂಬಡಿಕೆಯ ಪತ್ರದ ಭಾಗ ಓದಿಬಿಡಿ, ಎಲ್ಲ ಅಧಿಕಾರವೂ ದೇವರಿಂದಲೇ ಬಂದದ್ದು, ಪ್ರತಿಯೊಬ್ಬನೂ ಅದಕ್ಕೆ ಅಧೀನನಾಗಿರಬೇಕು ಅನ್ನೋದು, ಪುಟ್ಟದಾಗಿದೆ, ಚೆನ್ನಾಗಿದೆ, ಸಾಹೇಬರ ಕಿವಿಗೂ ಹಿತ, ಆರಾಧನೆ ಮುಗಿದ ಮೇಲೆ ನಿಮ್ಮ ತಮ್ಮನ ಬಿಡುಗಡೆ ಕಾಗದಕ್ಕೆ ಸಹಿ ಹಾಕ್ತೀನಿ ಅಂದಿದ್ದಾರೆ, ಎಂದರು. ಹಾವೂ ಸಾಯಬಾರದು ಕೋಲೂ ಮುರಿಯಬಾರದು, ಈ ಮನುಷ್ಯನಿಗೆ ಹಾವಿನ ಮೇಲೂ ಕರುಣೆ ಕೋಲಿನ ಮೇಲೂ ಕರುಣೆ, ಕಚ್ಚಿಸಿಕೊಂಡವರ ಮೇಲೆ ಮಾತ್ರ ಇಲ್ಲ. ಆ ಪತ್ರ ಬರೆದವನೂ ಜೈಲು ಕಂಡವನೇ ಅಲ್ಲವೇ ಅಯ್ಯನವರೇ, ಅಧಿಕಾರಿ ದೇವರ ಸೇವಕ ಅಂತಲೂ ಅಲ್ಲೇ ಇದೆಯಲ್ಲ, ಸೇವಕನಿಗೆ ದಿಂಬು ಯಾಕೆ, ಎಂದು ಕೇಳಬೇಕೆನಿಸಿತು, ಆಯ್ತು ಅಯ್ಯನವರೇ, ಎಂದಳು. ತಮ್ಮನ ಹೆಂಡತಿ ಈಗ ಮೂರನೇ ಸಾಲಿನಲ್ಲಿ ಕೂತು ಕರವಸ್ತ್ರ ಹಿಂಡುತ್ತಿದ್ದಾಳೆ, ಬೆಳಿಗ್ಗೆ ಕೈ ಹಿಡಿದುಕೊಂಡು, ಅವರು ಹೇಳಿದ್ದನ್ನೇ ಓದಿಬಿಡಿ ಅಕ್ಕಾ, ನಿಮ್ಮ ದಮ್ಮಯ್ಯ, ಎಂದಿದ್ದಳು.

ಎದ್ದಳು, ನಡೆದಳು, ಚಪ್ಪಲಿ ಒಂದು ಕಿರ್ ಎನ್ನುತ್ತದೆ, ಪೀಠದ ಮೇಲಿನ ದೊಡ್ಡ ಸತ್ಯವೇದವನ್ನು ನೋಡಿದರೆ ಅದರ ಮೊದಲ ಅರ್ಧಕ್ಕೆ ರಬ್ಬರ್ ಬ್ಯಾಂಡು ಹಾಕಿದ್ದಾರೆ, ಒಂದಲ್ಲ, ಎರಡು, ಹಳೆಯದೆಲ್ಲ ಕಟ್ಟಿಹಾಕಿ ಪತ್ರದ ಪುಟ ಮಾತ್ರ ತೆರೆದಿಟ್ಟಿದ್ದಾರೆ — ಅಯ್ಯೋ ಪಾದ್ರಿಯೇ, ಪ್ರವಾದಿಯನ್ನೂ ಲಾಕಪ್ಪಿಗೆ ಹಾಕಿದೆಯಾ, ಅದಕ್ಕೂ ಒಂದು ಆದೇಶ ತುಂಬಿಸಿಕೊಂಡು ಬರಬೇಕಿತ್ತು. ನಗು ಬಂತು, ನಗುವಿನ ಬೆನ್ನಿಗೇ ಮೈಯೆಲ್ಲ ಉರಿಯಿತು, ಬೆರಳು ತಾನಾಗಿಯೇ ರಬ್ಬರ್ ಬ್ಯಾಂಡನ್ನು ಎಳೆದು ತೆಗೆಯಿತು, ಒಂದು ಹಾರಿ ಪಾದ್ರಿಗಳ ಕಾಲ ಬಳಿಯೇ ಬಿತ್ತು, ಬೀಳಲಿ. ಓದಿದಳು. ಅವರು ಬೇಡವೆಂದದ್ದು ನಿನ್ನನ್ನಲ್ಲ, ನನ್ನನ್ನು, ಎನ್ನುತ್ತಾನೆ ದೇವರು ಮುದುಕನಿಗೆ, ಕೊಡು ಅವರಿಗೆ ಅರಸನನ್ನು, ಆದರೆ ಅವನು ಏನೇನು ಮಾಡುತ್ತಾನೆಂದು ಮೊದಲೇ ಹೇಳಿಬಿಡು — ನಿಮ್ಮ ಗಂಡುಮಕ್ಕಳನ್ನು ಹಿಡಿದು ತನ್ನ ರಥದ ಮುಂದೆ ಓಡಿಸುತ್ತಾನೆ, ಹೆಣ್ಣುಮಕ್ಕಳನ್ನು ತನ್ನ ಅಡುಗೆಮನೆಗೆ ಹಾಕಿಕೊಳ್ಳುತ್ತಾನೆ, ಒಳ್ಳೊಳ್ಳೆಯ ಹೊಲವನ್ನು ಕಿತ್ತು ತನ್ನವರಿಗೆ ಹಂಚುತ್ತಾನೆ — ಅಮ್ಮನ ಧ್ವನಿಯೇ ಬಂತು ಗಂಟಲಿಗೆ, ಮೂರನೇ ಸಾಲಿನ ಕಡೆ ನೋಡಲಿಲ್ಲ, ನೋಡಿದ್ದರೆ ನಿಲ್ಲಿಸುತ್ತಿದ್ದಳು. ತಮ್ಮ ಹೋದ, ಕೆಲಸ ಹೋಯಿತು, ನಾನೂ ಹೋಗುತ್ತೇನೆ, ಇನ್ನೂ ಇಪ್ಪತ್ತಾರು ಹಾಳೆ ಉಳಿದಿವೆಯಲ್ಲ ಡ್ರಾಯರಿನಲ್ಲಿ, ಎಂದುಕೊಳ್ಳುತ್ತಲೇ ಕೊನೆಯವರೆಗೆ ಓದಿ ತಲೆಯೆತ್ತಿದರೆ, ದಿಂಬಿನ ಮೇಲಿನವನು ಖುಷಿಯಿಂದ ತಲೆಯಾಡಿಸುತ್ತಿದ್ದಾನೆ, ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ, ಆಮೆನ್, ಎಂದ. ಹಿಂದಿನಿಂದ ಇಡೀ ಸಭೆ ಆಮೆನ್ ಎಂದಿತು.

ಆರಾಧನೆ ಮುಗಿದಿದೆ, ಬಾಗಿಲ ಬಳಿಯ ಮೇಜಿನ ಸುತ್ತ ಜನ, ಚೆನ್ನಾಗಿ ಓದಿದ್ರಮ್ಮ, ಅದ್ಯಾವ ಭಾಗ ಅದು, ಇಷ್ಟು ವರ್ಷ ಯಾರೂ ನಂಗೆ ಹೇಳೇ ಇಲ್ಲ, ಎನ್ನುತ್ತಿದ್ದಾನೆ ಆರುತಿಂಗಳಪ್ಪ, ದೇವರೇ ಪಟ್ಟಿ ಮಾಡಿ ಕೊಟ್ಟಿದ್ದಾನಲ್ರೀ, ಆಳೋನು ಏನೇನು ತಗೋಬಹುದು ಅಂತ, ನೋಡಿದ್ರೇನ್ರೀ, ಎಂದು ಕಾರ್ಯದರ್ಶಿಯ ಬೆನ್ನು ತಟ್ಟಿದ. ಎಚ್ಚರಿಕೆಯನ್ನೇ ಹಕ್ಕುಪತ್ರ ಮಾಡಿಕೊಂಡ ಗಂಡಸು! ಪಾದ್ರಿಗಳ ಮುಖದಿಂದ ಹೋಗಿದ್ದ ಬಣ್ಣ ವಾಪಸು ಬಂತು. ಅವಳಿಗೆ ಮೊದಲು ತಿಳಿದದ್ದು ಇಷ್ಟೇ, ತಮ್ಮ ಬದುಕಿದ, ಈ ಕತ್ತೆಗೆ ಏನೂ ಗೊತ್ತಾಗಲಿಲ್ಲ, ಬಿಡುಗಡೆ ಕಾಗದ ಕಾರ್ಯದರ್ಶಿಯ ಮೊಣಕೈ ಕೆಳಗಿನ ಫೈಲಿನಲ್ಲಿದೆ, ಸುಮ್ಮನಿದ್ದರೆ ಸಾಕು, ಸಂಜೆ ತಮ್ಮ ಮನೆಯಲ್ಲಿರುತ್ತಾನೆ. ಗಣ್ಯರು ಬಂದಾಗ ನಾಲ್ಕು ಸಾಲು ಬರೆಸಿಕೊಳ್ಳುವ ಪುಸ್ತಕವನ್ನು ಪಾದ್ರಿಗಳು ಮುಂದಿಟ್ಟರು. ನೀವೇ ಬರೀರಮ್ಮ, ಅದೇ ಭಾಗ ಬರೀರಿ, ಕೆಳಗೆ ನಾನು ಸಹಿ ಹಾಕ್ತೀನಿ, ಎಂದ ಅವನು. ಸಹಿ ಹಾಕುತ್ತಾನೆ. ಇನ್ನೊಬ್ಬರು ಬರೆಯಬೇಕು, ಇವನು ಸಹಿ ಹಾಕುತ್ತಾನೆ — ಎಲ್ಲಿತ್ತು ಅದು, ಧರ್ಮಶಾಸ್ತ್ರದಲ್ಲಿ, ಅರಸ ಕುದುರೆ ಕೂಡಿಹಾಕಬಾರದು, ಬೆಳ್ಳಿಬಂಗಾರ ಕೂಡಿಹಾಕಬಾರದು, ಪಟ್ಟಕ್ಕೆ ಬಂದ ಮೇಲೆ ಧರ್ಮಶಾಸ್ತ್ರದ ಒಂದು ಪ್ರತಿ ಬರೆದು ಇಟ್ಟುಕೊಂಡು ಸಾಯುವವರೆಗೂ ಓದಬೇಕು, ಒಡಹುಟ್ಟಿದವರಿಗಿಂತ ನಾನು ಮೇಲೆಂದು ಸೊಕ್ಕಬಾರದು. ಬಾಯಿ ತೆರೆದಾಗ ತಾನು ಏನು ಹೇಳುತ್ತಿದ್ದೇನೆಂದು ಅವಳಿಗೆ ಸರಿಯಾಗಿ ಗೊತ್ತಿತ್ತು. ಇಲ್ಲ ಸಾರ್, ಅದು ನೀವೇ ಬರೀಬೇಕು, ಆಳೋರು ಸ್ವಂತ ಕೈಯಿಂದ ಬರೀಬೇಕು ಅಂತ ಶಾಸ್ತ್ರದಲ್ಲೇ ಇದೆ, ಫೋಟೋನೂ ಚೆನ್ನಾಗಿ ಬರುತ್ತೆ. ಫೋಟೋದವನು ಹೌದು ಸಾರ್ ಎಂದ. ತಮ್ಮನ ಹೆಂಡತಿ ಹಿಂದಿನಿಂದ ತೋಳು ಚಿವುಟಿದಳು, ಮೊದಲು ಸಹಿ ಅಕ್ಕಾ, ಮೊದಲು ಬಿಡುಗಡೆಗೆ ಸಹಿ ಹಾಕಿಸಿಕೊಳ್ಳಿ, ಎಂದು ಪಿಸುಗುಟ್ಟಿದಳು, ಅಷ್ಟರಲ್ಲಿ ಅವನು ಕೂತು ಪೆನ್ನಿನ ಮುಚ್ಚಳ ತೆಗೆದಾಗಿತ್ತು.

ಹದಿನೇಳು ವರ್ಷ ಕುರ್ಚಿಯಲ್ಲಿ ಕೂತವರು ಹೇಳಿದ್ದನ್ನು ಇವಳು ಟೈಪು ಹೊಡೆದಳು, ಇವತ್ತು ಇವಳು ನಿಂತು ಹೇಳುತ್ತಾಳೆ, ಅವನು ಬರೆಯುತ್ತಾನೆ, ಅಭ್ಯಾಸ ತಪ್ಪಿದ ಕೈ, ಒಂದೊಂದು ಅಕ್ಷರಕ್ಕೂ ತುಟಿ ಅಲ್ಲಾಡಿಸುತ್ತಾನೆ. ನಿಮ್ಮ ಗಂಡುಮಕ್ಕಳನ್ನು ಹಿಡಿದು, ಬರೆದ, ನಗುನಗುತ್ತಲೇ ಬರೆದ, ಕ್ಯಾಮೆರಾ ಮಿಂಚಿತು, ಹೆಣ್ಣುಮಕ್ಕಳನ್ನು ತನ್ನ ಅಡುಗೆಮನೆಗೆ, ಬರೆದ, ಹೊಲವನ್ನು ಕಿತ್ತು, ಬರೆದ, ಇಲ್ಲಿ ನಗು ಸ್ವಲ್ಪ ಸೋತಿತು, ಬೆರಳು ನೋಯುತ್ತಿರಬೇಕು, ಇನ್ನೂ ಎಷ್ಟಿದೆಯಮ್ಮಾ, ಸ್ವಲ್ಪ ಸಾರ್, ನೀವೆಲ್ಲರೂ ಅವನಿಗೆ ಆಳುಗಳಾಗುವಿರಿ, ಬರೆದ, ನಿಧಾನವಾಗಿ ಬರೆದ, ನೀವೇ ಬೇಡಿ ಪಡೆದ ಅರಸನ ದೆಸೆಯಿಂದ ಆ ದಿನ, ಆ ದಿನ ಎಂದು ಬರೆದ ಪೆನ್ನು ನಿಂತಿತು. ಅವನ ಕಣ್ಣು ಮೊದಲ ಸಾಲಿಗೆ ಹೋಯಿತು, ಅಲ್ಲಿಂದ ಒಂದೊಂದೇ ಪದ ತುಳಿದುಕೊಂಡು ಕೆಳಗಿಳಿಯಿತು, ಕತ್ತಿನ ಹಿಂಭಾಗ ಕೆಂಪಾಗುತ್ತಾ ಬಂತು, ಓದುತ್ತಿದ್ದಾನೆ, ದೇವರೇ, ಎರಡೂವರೆ ವರ್ಷದಲ್ಲಿ ಮೊದಲ ಸಲ ತಾನು ಬರೆದದ್ದನ್ನು ತಾನೇ ಓದುತ್ತಿದ್ದಾನೆ. ಫೈಲು ಕಾರ್ಯದರ್ಶಿಯ ಮೊಣಕೈ ಕೆಳಗೇ ಇದೆ, ತೋಳು ಚಿವುಟಿದ ಕೈ ಈಗ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದೆ, ತಮ್ಮನ ಕಾಗದದಲ್ಲಿ ಸಹಿಯಿಲ್ಲ, ಕ್ಷಮಿಸೋ, ಕ್ಷಮಿಸು ಎಂದರೆ ಏನು ಬಂತು, ನಿಬ್ಬು ಆ ದಿನ ಎಂಬುದರ ಪಕ್ಕದಲ್ಲೇ ಊರಿಕೊಂಡಿದೆ, ಅದರ ಬುಡದಲ್ಲಿ ಹಸಿರು ಚುಕ್ಕೆ, ಸಾಸಿವೆಯಷ್ಟಿದ್ದದ್ದು ಮೆಣಸಿನಷ್ಟಾಯಿತು — ಕೂಗಿಕೊಳ್ಳುವಿರಿ, ಅಂತ ಬರೀರಿ ಸಾರ್, ಎಂದಳು, ಕೂಗಿಕೊಳ್ಳುವಿರಿ — ನಿಬ್ಬು ಮೇಲೇಳಲಿಲ್ಲ, ಮುಂದಕ್ಕೂ ಹೋಗಲಿಲ್ಲ, ಶಾಯಿ ಮಾತ್ರ ಕಾಗದದಲ್ಲಿ ಹರಡುತ್ತಿತ್ತು, ಬಟಾಣಿಯಷ್ಟು, ಅದಕ್ಕಿಂತ ದೊಡ್ಡದು, ಹಸಿರು, ನಿಬ್ಬು, ಹಸಿರು